ನಾಯಕತ್ವವೂ ನಿತ್ಯದ ಕೆಲಸವೂ

ಸಂಸ್ಥೆಯೊಂದು ಚಿಕ್ಕದಾಗಿರುವಾಗ ಅದರ ಹಿರಿಯರಿಗೂ ಅದರ ನಿತ್ಯದ ಕೆಲಸಕ್ಕೂ ನಡುವೆ ಗೋಡೆ ಇರುವುದಿಲ್ಲ. ನಾಲ್ಕು ಕೊಠಡಿಗಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯರೇ ಪಾಠ ಹೇಳುತ್ತಾರೆ, ಹಾಜರಿ ಕರೆಯುತ್ತಾರೆ, ಜವಾನ ಬಾರದ ದಿನ ಗಂಟೆಯನ್ನೂ ಬಾರಿಸುತ್ತಾರೆ. ಶಾಲೆ ಬೆಳೆದಂತೆ ಕೊಠಡಿಗಳು ಹೆಚ್ಚುತ್ತವೆ, ಅದರೊಡನೆ ಕಡತಗಳೂ ಹೆಚ್ಚುತ್ತವೆ. ಇಲಾಖೆಯ ಪತ್ರಗಳು, ಕಟ್ಟಡದ ಲೆಕ್ಕ, ಸಭೆಗಳ ನಡವಳಿ ಇವೆಲ್ಲ ಒಂದರ ಹಿಂದೆ ಒಂದು ಬಂದು ಹಿರಿಯರನ್ನು ತರಗತಿಯಿಂದ ಕಚೇರಿಗೆ, ಕಚೇರಿಯಿಂದ ಊರೂರಿಗೆ ಕರೆದೊಯ್ಯುತ್ತವೆ. ಇದು ಯಾರೊಬ್ಬರ ತಪ್ಪೂ ಅಲ್ಲ. ಬೆಳವಣಿಗೆಗೆ ತೆರಬೇಕಾದ ಬೆಲೆ.

ಆದರೆ ಆ ಬೆಲೆ ಚಿಕ್ಕದಲ್ಲ. ಪ್ರಸಾದ ನಿಲಯದ ಸಾರು ನೀರಾಗಿದೆ ಎಂಬುದು ಯಾವ ವರದಿಯಲ್ಲಿಯೂ ಬರುವುದಿಲ್ಲ. ಹಿಂದಿನ ಸಾಲಿನ ಹುಡುಗನಿಗೆ ಕರಿಹಲಗೆಯ ಮೇಲಿನ ಅಕ್ಷರ ಕಾಣುತ್ತಿಲ್ಲವೆಂಬುದು ಫಲಿತಾಂಶದ ಪಟ್ಟಿಯಲ್ಲಿ ತಿಳಿಯುವುದಿಲ್ಲ; ಅಲ್ಲಿ ತಿಳಿಯುವುದು ಅವನು ಅನುತ್ತೀರ್ಣನಾದನೆಂಬುದಷ್ಟೆ. ವರದಿ ಹೇಳುವುದು ಪರಿಣಾಮವನ್ನು. ಕಾರಣವು ಕೆಲಸ ನಡೆಯುವ ಸ್ಥಳದಲ್ಲಿಯೇ ಉಳಿದಿರುತ್ತದೆ. ಅದನ್ನು ಕಾಣಬೇಕಾದವರು ಆ ಸ್ಥಳಕ್ಕೆ ಹೋಗಲೇಬೇಕು.

ಈ ವಿಷಯವನ್ನು ವಿಚಾರಮಾಡುವವರಿಗೆ ಮಹಾತ್ಮಾ ಗಾಂಧೀಜಿಯವರ ಜೀವನಕ್ಕಿಂತ ಒಳ್ಳೆಯ ಪಾಠ ದೊರೆಯುವುದು ಕಷ್ಟ. ಸತ್ಯಾಗ್ರಹದ ಪ್ರವರ್ತಕರೆಂದು ಅವರನ್ನು ಸ್ಮರಿಸುವವರು ಬಹಳ. ಆದರೆ ಅವರು ಪತ್ರಿಕೆ, ಆಶ್ರಮ, ಶಾಲೆ, ಕಾಂಗ್ರೆಸ್ಸು ಮೊದಲಾದ ಸಂಸ್ಥೆಗಳನ್ನು ಕಟ್ಟಿ ನಡೆಸಿದವರೂ ಹೌದು; ನಡೆಸುತ್ತಿದ್ದಾಗ ಅವುಗಳ ಅತ್ಯಂತ ಸಣ್ಣ ಕೆಲಸದಿಂದಲೂ ಕೈ ತೆಗೆಯದವರು. ಇದರಿಂದ ಅವರಿಗೆ ಏನು ತಿಳಿಯಿತು, ಎಲ್ಲಿ ಅವರು ಎಡವಿದರು, ಎಲ್ಲಿ ಇಷ್ಟೇ ಸಾಲದೆ ಹೋಯಿತು ಎಂಬುದನ್ನು ಅವರ ಬದುಕಿನ ಕೆಲವು ಪ್ರಸಂಗಗಳಿಂದ ತಿಳಿಯಬಹುದು. ಇವುಗಳಲ್ಲಿ ಹೆಚ್ಚಿನವನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ.

ಗುಮಾಸ್ತನ ಮೇಜು

1901ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಕಲ್ಕತ್ತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ದಿನಶಾ ವಾಚಾ ಅವರು ಅಧ್ಯಕ್ಷರು. ದಕ್ಷಿಣ ಆಫ್ರಿಕಾದ ಭಾರತೀಯರ ಕಷ್ಟಗಳನ್ನು ಕುರಿತ ನಿರ್ಣಯವೊಂದನ್ನು ಹಿಡಿದುಕೊಂಡು ಗಾಂಧೀಜಿಯವರು ಅಲ್ಲಿಗೆ ಬಂದಿದ್ದರು. ಆಗ ಅವರಿಗೆ 32 ವರ್ಷ. ನೇಟಾಲ್ ಇಂಡಿಯನ್ ಕಾಂಗ್ರೆಸ್ಸನ್ನು 1894ರಲ್ಲಿ ಸ್ಥಾಪಿಸಿದ್ದ ಬ್ಯಾರಿಸ್ಟರರಾದರೂ ಭಾರತದ ಕಾಂಗ್ರೆಸ್ಸಿಗೆ ಅವರು ಹೊಸಬರು. ಅಧಿವೇಶನಕ್ಕೆ ಇನ್ನೂ ಎರಡು ದಿನಗಳಿದ್ದವು. ಬಿಡಾರದಲ್ಲಿ ಸುಮ್ಮನೆ ಕುಳಿತಿರಲು ಮನಸ್ಸಾಗದೆ ಅವರು ಕಾಂಗ್ರೆಸ್ ಕಚೇರಿಗೆ ಹೋಗಿ ತಮಗೇನಾದರೂ ಕೆಲಸ ಕೊಡಬೇಕೆಂದು ಕೇಳಿದರು.

ಕಾರ್ಯದರ್ಶಿ ಘೋಷಾಲ್ ಬಾಬುಗಳ ಮುಂದೆ ಉತ್ತರ ಕಾಣದ ಪತ್ರಗಳ ರಾಶಿಯೇ ಇತ್ತು. ಗುಮಾಸ್ತನ ಕೆಲಸ ಮಾಡುವಿರಾ ಎಂದು ಅವರು ಕೇಳಿದಾಗ ಗಾಂಧೀಜಿ ಸಂತೋಷದಿಂದ ಒಪ್ಪಿದರು. ಆ ರಾಶಿಯನ್ನು ಬೇಗನೆ ಮುಗಿಸಿಯೂ ಕೊಟ್ಟರು. ಘೋಷಾಲ್ ಬಾಬುಗಳ ಅಂಗಿಯ ಗುಂಡಿ ಹಾಕುವುದು ಸೇವಕನ ಕೆಲಸವಾಗಿತ್ತು. ಹಿರಿಯರ ಮೇಲಿನ ಗೌರವದಿಂದ ಅದನ್ನೂ ಅವರು ತಾವೇ ವಹಿಸಿಕೊಂಡರು. ಈ ಯುವಕ ಯಾರೆಂಬುದು ತಿಳಿದ ಮೇಲೆ ಇಂಥವರಿಗೆ ಗುಮಾಸ್ತನ ಕೆಲಸ ಕೊಟ್ಟೆನಲ್ಲ ಎಂದು ಘೋಷಾಲ್ ಬಾಬುಗಳು ನೊಂದುಕೊಂಡರು. ಗಾಂಧೀಜಿಯವರಿಗೆ ಮಾತ್ರ ಅದು ಲಾಭವಾಗಿಯೇ ಕಂಡಿತು.

ಆ ಲಾಭವೇನೆಂಬುದನ್ನು ಗಮನಿಸಬೇಕು. ಕೆಲವೇ ದಿನಗಳಲ್ಲಿ ಕಾಂಗ್ರೆಸ್ಸಿನ ಒಳಗಿನ ನಡೆ ಅವರಿಗೆ ತಿಳಿಯಿತು. ಒಬ್ಬರು ಮಾಡಬಹುದಾದ ಕೆಲಸಕ್ಕೆ ನಾಲ್ವರು ನಿಂತಿರುವುದು, ಮುಖ್ಯವಾದ ಎಷ್ಟೋ ಕೆಲಸಗಳಿಗೆ ಒಬ್ಬರೂ ಹೊಣೆಯಾಗದಿರುವುದು, ಸಮಯವೂ ಶಕ್ತಿಯೂ ಪೋಲಾಗುತ್ತಿರುವುದು ಇವೆಲ್ಲವನ್ನು ಅವರು ಕಂಡದ್ದು ವೇದಿಕೆಯ ಮೇಲಿಂದಲ್ಲ, ಗುಮಾಸ್ತನ ಮೇಜಿನಿಂದ. ಪ್ರತಿನಿಧಿಗಳ ಸಾಲಿನಲ್ಲಿ ಕುಳಿತು ಭಾಷಣಗಳನ್ನಷ್ಟೆ ಕೇಳಿ ಹೋಗಿದ್ದರೆ ಈ ಅರಿವು ಅವರಿಗೆ ಆಗುತ್ತಿರಲಿಲ್ಲ.

ಅದೇ ಅಧಿವೇಶನದ ಇನ್ನೊಂದು ಪ್ರಸಂಗ ಪ್ರಸಿದ್ಧವಾದುದು. ಪ್ರತಿನಿಧಿಗಳ ಬಿಡಾರದ ಪಾಯಿಖಾನೆಗಳು ಹತ್ತಿರ ಸುಳಿಯಲಾಗದಷ್ಟು ಹೊಲಸಾಗಿದ್ದವು. ಸ್ವಯಂಸೇವಕರಿಗೆ ತೋರಿಸಿದರೆ ಅದು ತಮ್ಮ ಕೆಲಸವಲ್ಲ, ಜಾಡಮಾಲಿಯ ಕೆಲಸ ಎಂದುಬಿಟ್ಟರು. ಗಾಂಧೀಜಿ ಒಂದು ಪೊರಕೆಯನ್ನು ಕೇಳಿ ಪಡೆದು ತಾವೇ ಗುಡಿಸಿ ತೊಳೆದರು. ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಕೈಮುಗಿಯುವುದುಂಟು. ಆದರೆ ಗಾಂಧೀಜಿಯವರ ಬರಹ ಇಲ್ಲಿಗೆ ನಿಲ್ಲುವುದಿಲ್ಲ. ಅವರು ಶುಚಿ ಮಾಡಿಕೊಂಡದ್ದು ತಮ್ಮ ಬಳಕೆಗೆ ಮಾತ್ರ. ಜನಸಂದಣಿ ಅಷ್ಟಿದ್ದಾಗ ಮತ್ತೆ ಮತ್ತೆ ತೊಳೆಯಬೇಕಾಗುತ್ತಿತ್ತು; ಅದು ಒಬ್ಬರ ಕೈಯಲ್ಲಿ ಆಗುವಂಥದಾಗಿರಲಿಲ್ಲ. ಉಳಿದವರಿಗೆ ಆ ದುರ್ವಾಸನೆ ಅಸಹ್ಯವೆನಿಸಿದಂತೆಯೂ ಕಾಣಲಿಲ್ಲ. ಒಬ್ಬ ವ್ಯಕ್ತಿಯ ಪೊರಕೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಒಂದು ಸಂಸ್ಥೆಯನ್ನು ಶುಚಿಮಾಡಲಾರದೆಂಬ ಸತ್ಯ ಅಂದೇ ಅಲ್ಲಿ ಸ್ಪಷ್ಟವಾಗಿತ್ತು.

ಎಡವಿದ ಹೆಜ್ಜೆ

ಇದಕ್ಕೂ ಹಿಂದಿನ ಒಂದು ಘಟನೆಯನ್ನು ಇಲ್ಲಿ ಬಿಡುವಂತಿಲ್ಲ. 1898ರ ಸುಮಾರಿಗೆ ಗಾಂಧೀಜಿಯವರು ಡರ್ಬನ್ ನಗರದಲ್ಲಿ ವಕೀಲರಾಗಿದ್ದಾಗ ಅವರ ಕಚೇರಿಯ ಗುಮಾಸ್ತರು ಅನೇಕ ವೇಳೆ ಅವರ ಮನೆಯಲ್ಲಿಯೇ ಇರುತ್ತಿದ್ದರು. ಕೋಣೆಗಳಿಗೆ ನೀರು ಹರಿದುಹೋಗುವ ವ್ಯವಸ್ಥೆ ಇರಲಿಲ್ಲವಾಗಿ ಮೂತ್ರದ ಪಾತ್ರೆಗಳನ್ನು ಇಡಲಾಗುತ್ತಿತ್ತು. ಅವುಗಳನ್ನು ಶುಚಿಮಾಡುವ ಕೆಲಸ ಗಾಂಧೀಜಿ ಮತ್ತು ಕಸ್ತೂರಬಾ ಅವರದು. ಹೊಸದಾಗಿ ಬಂದ ಗುಮಾಸ್ತನೊಬ್ಬನು ಅಸ್ಪೃಶ್ಯರೆನಿಸಿಕೊಂಡವರ ಮನೆಯಲ್ಲಿ ಹುಟ್ಟಿದ ಕ್ರೈಸ್ತ. ಅವನ ಪಾತ್ರೆಯನ್ನು ಎತ್ತಲು ಕಸ್ತೂರಬಾ ಅವರಿಗೆ ಮನಸ್ಸಾಗಲಿಲ್ಲ. ಪತಿಯೇ ಎತ್ತುವುದನ್ನೂ ಅವರು ಸಹಿಸಲಾರದೆ ಹೋದರು. ಕಣ್ಣೀರಿಡುತ್ತ ಪಾತ್ರೆಯನ್ನು ಹಿಡಿದು ಮೆಟ್ಟಿಲಿಳಿದರು.

ಗಾಂಧೀಜಿಯವರಿಗೆ ಅಷ್ಟು ಸಾಲಲಿಲ್ಲ. ಅವರು ಅದನ್ನು ಸಂತೋಷದಿಂದಲೇ ಮಾಡಬೇಕೆಂದು ಹಟ ಹಿಡಿದರು. ಮಾತಿಗೆ ಮಾತು ಬೆಳೆದು, ಪತ್ನಿಯನ್ನು ಕೈಹಿಡಿದು ಎಳೆದುಕೊಂಡು ಹೋಗಿ ಮನೆಯಿಂದ ಹೊರಗೆ ಹಾಕಲು ಬಾಗಿಲು ತೆರೆದರು. ಪರದೇಶದಲ್ಲಿ ತನಗೆ ಯಾರಿದ್ದಾರೆ, ನಾಚಿಕೆಯಿಲ್ಲವೇ ಎಂದು ಆಕೆ ಅತ್ತು ಕೇಳಿದಾಗ ಅವರಿಗೆ ತಮ್ಮ ಕ್ರೌರ್ಯದ ಅರಿವಾಯಿತು. ಮುಂದೆ ಎಷ್ಟೋ ವರ್ಷಗಳ ಮೇಲೆ ಈ ಘಟನೆಯನ್ನು ಲಜ್ಜೆಯಿಂದ ಬರೆದರು.

ಅಸ್ಪೃಶ್ಯತೆಯನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದೆಂಬ ಅವರ ತತ್ವದಲ್ಲಿ ದೋಷವಿರಲಿಲ್ಲ. ಕೆಲಸವನ್ನು ಅವರು ತಾವೂ ಮಾಡುತ್ತಿದ್ದರು. ಆದರೂ ತಾವು ಮಾಡುತ್ತೇವೆಂಬ ಕಾರಣದಿಂದ ಇನ್ನೊಬ್ಬರ ಮನಸ್ಸಿನ ಮೇಲೆ ಅಧಿಕಾರ ಬಂದಿತೆಂದು ಭಾವಿಸಿದ್ದು ದೊಡ್ಡ ತಪ್ಪು. ದುಡಿಯುವ ಹಿರಿಯರಿಗೆ ಈ ಅಪಾಯ ಸದಾ ಇದ್ದೇ ಇರುತ್ತದೆ. ನಸುಕಿಗೆ ಎದ್ದು ಬರುವ ಮುಖ್ಯೋಪಾಧ್ಯಾಯರಿಗೆ ಹತ್ತು ನಿಮಿಷ ತಡವಾಗಿ ಬಂದ ಸಹೋದ್ಯೋಗಿ ಅಪರಾಧಿಯಂತೆ ಕಾಣಬಹುದು. ಆತನ ಮನೆಯಲ್ಲಿ ಕಾಯಿಲೆಯಿಂದ ಮಲಗಿದವರು ಕಾಣದಿರಬಹುದು. ತನ್ನ ದುಡಿಮೆಯನ್ನು ಇನ್ನೊಬ್ಬರನ್ನು ಅಳೆಯುವ ಕೋಲನ್ನಾಗಿ ಮಾಡಿಕೊಂಡ ನಾಯಕ ಕೆಲಸಕ್ಕೆ ಹತ್ತಿರವಿದ್ದರೂ ಜನರಿಂದ ದೂರವಾಗುತ್ತಾನೆ.

ಒಂದು ಶಾಲೆಯ ನಿಯಮ

ದಕ್ಷಿಣ ಆಫ್ರಿಕಾದಲ್ಲಿ ಸತ್ಯಾಗ್ರಹಿಗಳ ಕುಟುಂಬಗಳಿಗೆ ಆಶ್ರಯ ಬೇಕಾದಾಗ ಗಾಂಧೀಜಿಯವರ ಮಿತ್ರರಾದ ವಾಸ್ತುಶಿಲ್ಪಿ ಹರ್ಮನ್ ಕಾಲೆನ್‌ಬಾಖ್ ಅವರು 1910ರಲ್ಲಿ 1,100 ಎಕರೆ ಭೂಮಿಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಜೊಹಾನ್ಸ್‌ಬರ್ಗ್ ನಗರದಿಂದ 21 ಮೈಲಿ ದೂರದ ಈ ಸ್ಥಳವೇ ಟಾಲ್‌ಸ್ಟಾಯ್ ಫಾರಂ. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು, ಪಾರಸಿಗಳು ಅಲ್ಲಿ ಒಂದೇ ಅಡಿಗೆಮನೆಯಲ್ಲಿ ಉಂಡರು. ಆಳುಗಳಿರಲಿಲ್ಲ. ಅಡಿಗೆಯಿಂದ ಮಲದ ವಿಲೇವಾರಿಯವರೆಗೆ ಎಲ್ಲ ಕೆಲಸವೂ ನಿವಾಸಿಗಳದೇ. ಕಸವನ್ನು ಗುಂಡಿ ತೋಡಿ ಹೂಳಿ ಗೊಬ್ಬರ ಮಾಡುತ್ತಿದ್ದುದರಿಂದ ಅಷ್ಟು ಜನರಿದ್ದರೂ ಹೊಲಸು ಎಲ್ಲಿಯೂ ಕಾಣುತ್ತಿರಲಿಲ್ಲ. ಕಾಲೆನ್‌ಬಾಖ್ ಅವರು ಟ್ರ್ಯಾಪಿಸ್ಟ್ ಸಂನ್ಯಾಸಿಗಳ ಮಠವೊಂದಕ್ಕೆ ಹೋಗಿ ಪಾದರಕ್ಷೆ ಹೊಲಿಯುವುದನ್ನು ಕಲಿತು ಬಂದರು. ಗಾಂಧೀಜಿ ಅವರಿಂದ ಕಲಿತರು, ಇತರರಿಗೆ ಕಲಿಸಿದರು. 1914ರಲ್ಲಿ ಆ ದೇಶವನ್ನು ಬಿಡುವಾಗ ತಮ್ಮ ಎದುರಾಳಿಯಾದ ಜನರಲ್ ಸ್ಮಟ್ಸ್ ಅವರಿಗೆ ಅವರು ಕಾಣಿಕೆಯಾಗಿ ಕಳುಹಿಸಿದ್ದು ತಾವೇ ಹೊಲಿದ ಒಂದು ಜೊತೆ ಪಾದರಕ್ಷೆ.

ಫಾರಮಿನ ಮಕ್ಕಳಿಗೆ ಅಲ್ಲಿಯೇ ಶಾಲೆ ನಡೆಯಿತು. ಆ ಶಾಲೆಯ ಒಂದು ನಿಯಮವನ್ನು ಶಿಕ್ಷಕರು ವಿಶೇಷವಾಗಿ ಗಮನಿಸಬೇಕು. ಉಪಾಧ್ಯಾಯರು ಮಾಡದ ಯಾವ ಕೆಲಸವನ್ನೂ ಮಕ್ಕಳಿಗೆ ಹೇಳಕೂಡದು. ಮಕ್ಕಳು ಕೆಲಸ ಮಾಡುವಲ್ಲಿ ಉಪಾಧ್ಯಾಯರೊಬ್ಬರು ಅವರೊಡನೆ ಕೈಗೂಡಿಸಿ ದುಡಿಯುತ್ತಿರಲೇಬೇಕು. ಬದಿಯಲ್ಲಿ ನಿಂತು ನೋಡಿಕೊಳ್ಳುವುದಕ್ಕೆ ಅಲ್ಲಿ ಅವಕಾಶವಿರಲಿಲ್ಲ. ಹೀಗಾಗಿ ಮಕ್ಕಳು ಏನನ್ನು ಕಲಿತರೂ ಸಂತೋಷದಿಂದ ಕಲಿತರೆಂದು ಗಾಂಧೀಜಿ ಹೇಳಿದ್ದಾರೆ. ಡರ್ಬನ್ನಿನಲ್ಲಿ ಬಲಾತ್ಕಾರದಿಂದ ಸಾಧಿಸಹೊರಟಿದ್ದ ಸಂತೋಷ ಇಲ್ಲಿ ಸಹವಾಸದಿಂದ ತಾನಾಗಿಯೇ ಒದಗಿತು.

ಈ ಪದ್ಧತಿಗೆ ಬೆಲೆಯೂ ಇತ್ತು. ಬೆಳಗಿನಿಂದ ಹೊಲದಲ್ಲಿಯೂ ಮನೆಗೆಲಸದಲ್ಲಿಯೂ ದಣಿದು ಊಟ ಮಾಡಿದ ಮೇಲೆ ಪಾಠಗಳು ಆರಂಭವಾಗುತ್ತಿದ್ದವು. ಗುರುವಿಗೂ ಶಿಷ್ಯರಿಗೂ ಒಂದೇ ಸಮನೆ ತೂಕಡಿಕೆ. ಕಣ್ಣಿಗೆ ನೀರು ಚಿಮುಕಿಸಿಕೊಂಡು, ಮಕ್ಕಳೊಡನೆ ಆಟವಾಡಿ ನಿದ್ದೆಯನ್ನು ಓಡಿಸಬೇಕಾಗುತ್ತಿತ್ತು. ಅನೇಕ ಸಲ ಅದೂ ಫಲಿಸುತ್ತಿರಲಿಲ್ಲ. ತಮಿಳು, ಉರ್ದು ಭಾಷೆಗಳನ್ನು ಕಲಿಸುವಾಗ ಗಾಂಧೀಜಿಯವರ ಸ್ವಂತ ಜ್ಞಾನವೇ ಅಲ್ಪವಾಗಿತ್ತು. ಅದನ್ನು ಅವರು ಮಕ್ಕಳಿಂದ ಮರೆಮಾಚಲಿಲ್ಲ. ಕೆಲಸದಲ್ಲಿ ಜೊತೆಗಿದ್ದವರ ಅಜ್ಞಾನವನ್ನು ಮಕ್ಕಳು ಕ್ಷಮಿಸುತ್ತಾರೆ. ಅವರ ಪ್ರೀತಿ ಗೌರವಗಳು ಕುಂದುವುದಿಲ್ಲ ಎಂಬುದು ಅವರಿಗೆ ದೊರೆತ ಅನುಭವ. ಜೊತೆಗಿರದವರ ಪಾಂಡಿತ್ಯಕ್ಕೆ ಆ ಸಲುಗೆ ಸುಲಭವಾಗಿ ದೊರೆಯದು.

ಒಂದೇ ಸೀರೆ

1917ರ ಏಪ್ರಿಲ್ ತಿಂಗಳಲ್ಲಿ ಗಾಂಧೀಜಿಯವರು ಬಿಹಾರದ ಚಂಪಾರಣ್ಯ ಜಿಲ್ಲೆಗೆ ಹೋದರು. ಅಲ್ಲಿಯ ರೈತರು ಪ್ರತಿ 20 ಕಠ್ಠಾ ಭೂಮಿಯಲ್ಲಿ 3 ಕಠ್ಠಾದಷ್ಟನ್ನು ತೋಟಗಾರ ಧಣಿಗಳಿಗಾಗಿ ನೀಲಿ ಬೆಳೆಗೆ ಬಿಡಬೇಕಾಗಿತ್ತು. ತೀನ್‌ಕಠಿಯಾ ಎಂಬ ಈ ಪದ್ಧತಿಯನ್ನು ಅವರು ಭಾಷಣಗಳಿಂದ ಎದುರಿಸಲಿಲ್ಲ. ವಕೀಲರನ್ನು ಕೂರಿಸಿಕೊಂಡು ಒಬ್ಬೊಬ್ಬ ರೈತನ ಹೇಳಿಕೆಯನ್ನೂ ಬರೆಸಿಕೊಂಡರು. ಪಾಟೀಸವಾಲಿನಲ್ಲಿ ನಿಲ್ಲದ ಮಾತನ್ನು ಬಿಟ್ಟುಬಿಡಿಸಿದರು. ಹೀಗೆ ಸಾವಿರಾರು ಹೇಳಿಕೆಗಳು ಕೂಡಿದವು. ಸರಕಾರವು ನೇಮಿಸಿದ ವಿಚಾರಣಾ ಸಮಿತಿಯಲ್ಲಿ ಅವರೂ ಒಬ್ಬ ಸದಸ್ಯರಾದರು. 1918ರ ಕಾನೂನಿನಿಂದ ಆ ಪದ್ಧತಿ ಕೊನೆಗೊಂಡಿತು.

ಆ ವಕೀಲರಲ್ಲಿ ಮುಂದೆ ಭಾರತದ ಪ್ರಥಮ ರಾಷ್ಟ್ರಪತಿಗಳಾದ ರಾಜೇಂದ್ರಪ್ರಸಾದರೂ ಇದ್ದರು. ಅವರು ಬಂದಾಗ ಒಬ್ಬೊಬ್ಬರಿಗೂ ಒಬ್ಬ ಆಳು, ಒಬ್ಬ ಅಡಿಗೆಯವನು, ಬೇರೆ ಬೇರೆ ಒಲೆ. ರಾತ್ರಿಯ ಊಟ ಕೆಲವೊಮ್ಮೆ ನಡುರಾತ್ರಿಗೆ ಮುಗಿಯುತ್ತಿತ್ತು. ಗಾಂಧೀಜಿ ಈಗ ಯಾರನ್ನೂ ಗದರಿಸಲಿಲ್ಲ, ನಗೆಮಾತಿನಲ್ಲಿಯೇ ತಿದ್ದಿದರು. ಕ್ರಮೇಣ ಆಳುಗಳು ಹೋದರು, ಅಡಿಗೆಮನೆ ಒಂದಾಯಿತು, ಉಳಿದ ಹೊತ್ತು ಕೆಲಸಕ್ಕೆ ಸಂದಿತು.

ಹಳ್ಳಿಗಳ ದುಃಸ್ಥಿತಿಗೆ ಕಾನೂನು ಒಂದೇ ಮದ್ದಲ್ಲವೆಂದು ಕಂಡುಕೊಂಡ ಅವರು ಬರಹರ್ವಾ ಲಖನ್‌ಸೇನ್, ಭೀತಿಹರ್ವಾ, ಮಧುಬನ್ ಮೊದಲಾದ ಕಡೆ ಶಾಲೆಗಳನ್ನು ತೆರೆದರು. ಶಿಕ್ಷಕರು ಪಾಠದೊಡನೆ ಬೀದಿ ಗುಡಿಸಬೇಕು, ಬಾವಿ ಶುಚಿಮಾಡಬೇಕು, ಹರಳೆಣ್ಣೆ, ಕ್ವಿನೈನ್, ಗಂಧಕದ ಮುಲಾಮು ಹಂಚಬೇಕು. ಇಂಥ ಕೆಲಸಕ್ಕೆ ಕರ್ನಾಟಕದಿಂದಲೂ ಜನ ಹೋದರು ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆಯವರು ಬಾಬಾಸಾಹೇಬ ಸೋಮಣ ಮತ್ತು ಪುಂಡಲೀಕರನ್ನು ಚಂಪಾರಣ್ಯಕ್ಕೆ ಕಳುಹಿಸಿದರು. ಭೀತಿಹರ್ವಾದಲ್ಲಿ ಬಿದಿರು ಹುಲ್ಲುಗಳಿಂದ ಕಟ್ಟಿದ ಶಾಲೆಯ ಗುಡಿಸಲಿಗೆ ಯಾರೋ ಬೆಂಕಿಯಿಟ್ಟರು. ಸೋಮಣರು ಮತ್ತೆ ಹುಲ್ಲಿನ ಗುಡಿಸಲನ್ನು ಕಟ್ಟಲಿಲ್ಲ. ಇಟ್ಟಿಗೆಯ ಮನೆಯನ್ನೇ ಎಬ್ಬಿಸುವೆನೆಂದು ತಾವೇ ದುಡಿಯತೊಡಗಿದರು. ಅವರ ದುಡಿಮೆಯನ್ನು ಕಂಡು ಊರವರೂ ಕೈಹಚ್ಚಿದರು. ಸ್ವಲ್ಪ ಕಾಲದಲ್ಲಿಯೇ ಸುಟ್ಟರೂ ಸುಡದ ಕಟ್ಟಡ ಎದ್ದು ನಿಂತಿತು.

ಭೀತಿಹರ್ವಾದ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ ಕೆಲವು ಹೆಂಗಸರ ಬಟ್ಟೆ ತೀರ ಮಲಿನವಾಗಿದ್ದುದನ್ನು ಗಾಂಧೀಜಿ ಕಂಡರು. ಬಟ್ಟೆಯನ್ನು ಏಕೆ ಒಗೆಯುವುದಿಲ್ಲವೆಂದು ವಿಚಾರಿಸುವಂತೆ ಕಸ್ತೂರಬಾ ಅವರಿಗೆ ಹೇಳಿದರು. ಒಬ್ಬ ಹೆಂಗಸು ಅವರನ್ನು ತನ್ನ ಗುಡಿಸಲೊಳಗೆ ಕರೆದೊಯ್ದು ತೋರಿಸಿದಳು. ಅಲ್ಲಿ ಪೆಟ್ಟಿಗೆಯೂ ಇಲ್ಲ, ಬೇರೆ ಬಟ್ಟೆಯೂ ಇಲ್ಲ. ಮೈಮೇಲಿನದೊಂದೇ ಸೀರೆ. ಅದನ್ನು ಒಗೆದು ಹಾಕಿದರೆ ಉಡುವುದೇನು? ಇನ್ನೊಂದು ಸೀರೆ ಕೊಡಿಸಿದರೆ ದಿನವೂ ಮಿಂದು ಮಡಿಯುಡುವೆನೆಂದು ಆಕೆ ಹೇಳಿದಳು.

ಶುಚಿತ್ವವನ್ನು ಕುರಿತು ಎಷ್ಟು ಉಪನ್ಯಾಸಗಳನ್ನು ಮಾಡಿದ್ದರೂ ಈ ಸತ್ಯ ಹೊರಬೀಳುತ್ತಿರಲಿಲ್ಲ. ಹೊರಗಿನಿಂದ ನೋಡಿದವರಿಗೆ ಅಲ್ಲಿದ್ದುದು ಸೋಮಾರಿತನ ಅಥವಾ ಅಜ್ಞಾನ. ಒಳಗೆ ಹೋದವರಿಗೆ ಕಂಡದ್ದು ಬಡತನ. ರೋಗ ಒಂದು, ಮದ್ದು ಇನ್ನೊಂದು ಆಗುವುದು ಹೀಗೆಯೇ. ಈ ಅರಿವು ಮೊದಲು ತಲುಪಿದ್ದು ಗಾಂಧೀಜಿಯವರಿಗಲ್ಲ, ಕಸ್ತೂರಬಾ ಅವರಿಗೆ ಎಂಬುದೂ ಗಮನಾರ್ಹ. ಆ ಗುಡಿಸಲಿನ ಹೆಂಗಸು ಇನ್ನೊಬ್ಬ ಹೆಂಗಸಿಗೆ ಮಾತ್ರ ಬಾಗಿಲು ತೆರೆಯಬಲ್ಲವಳಾಗಿದ್ದಳು. ನಾಯಕನು ತಾನೊಬ್ಬನೇ ಎಲ್ಲ ಕಡೆಗೂ ಹೋಗಲಾರ. ಹೋಗಬಲ್ಲವರ ಮಾತನ್ನು ಕೇಳಿಸಿಕೊಳ್ಳುವುದೂ ಕೆಲಸಕ್ಕೆ ಹತ್ತಿರವಿರುವ ಒಂದು ವಿಧಾನವೇ.

ಚಂಪಾರಣ್ಯದ ಕಥೆಗೆ ಒಂದು ವಿಷಾದದ ಕೊನೆಯೂ ಇದೆ. ರಚನಾತ್ಮಕ ಕೆಲಸವನ್ನು ಅಲ್ಲಿ ಶಾಶ್ವತವಾಗಿ ನೆಲೆಗೊಳಿಸಬೇಕೆಂಬುದು ಗಾಂಧೀಜಿಯವರ ಆಸೆಯಾಗಿತ್ತು. ಆದರೆ ಹೊರಗಿನಿಂದ ಬಂದ ಸ್ವಯಂಸೇವಕರು ಅವಧಿ ಮುಗಿದ ಮೇಲೆ ಹಿಂದಿರುಗಿದರು, ಅವರ ಸ್ಥಾನಕ್ಕೆ ಬೇರೆಯವರು ದೊರೆಯಲಿಲ್ಲ, ಗಾಂಧೀಜಿಯವರನ್ನು ಬೇರೆ ಕಾರ್ಯಗಳು ಸೆಳೆದುಕೊಂಡವು. ತಮ್ಮ ಆಸೆ ಕೈಗೂಡಲಿಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ. ನಾಯಕರು ಇದ್ದಾಗ ಮಾತ್ರ ನಡೆಯುವ ಕೆಲಸ ಅವರು ಹೊರಟ ದಿನ ನಿಲ್ಲುತ್ತದೆ.

ಪೊರಕೆಯಿಂದ ವ್ಯವಸ್ಥೆಗೆ

ಕಲ್ಕತ್ತೆಯ ಗುಮಾಸ್ತನ ಮೇಜಿನಲ್ಲಿ ಕಂಡ ದೋಷಗಳನ್ನು ಗಾಂಧೀಜಿ ಮರೆತಿರಲಿಲ್ಲ. 1920ರ ನಾಗಪುರ ಅಧಿವೇಶನದಲ್ಲಿ ಅವರ ನೇತೃತ್ವದಲ್ಲಿ ಸಿದ್ಧವಾದ ಕಾಂಗ್ರೆಸ್ಸಿನ ಹೊಸ ಸಂವಿಧಾನ ಅಂಗೀಕೃತವಾಯಿತು. ಪ್ರತಿನಿಧಿಗಳ ಸಂಖ್ಯೆಗೆ ಮಿತಿ ಬಂದಿತು, ವರ್ಷವಿಡೀ ಹೊಣೆ ಹೊರುವ ಕಾರ್ಯಸಮಿತಿ ಬಂದಿತು, ಭಾಷೆಗಳನ್ನನುಸರಿಸಿ ಪ್ರಾಂತ ಸಮಿತಿಗಳು ಏರ್ಪಟ್ಟವು. ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು ಎಂದು ಹಂಚಿಹೋಗಿದ್ದ ಕನ್ನಡಿಗರಿಗೆ ಕರ್ನಾಟಕ ಪ್ರಾಂತ ಕಾಂಗ್ರೆಸ್ ಸಮಿತಿ ದೊರೆತದ್ದು ಈ ಏರ್ಪಾಡಿನಿಂದಲೇ. ವರ್ಷದಲ್ಲಿ ಮೂರು ದಿನ ಸೇರಿ ಚದುರುತ್ತಿದ್ದ ಸಭೆ ಹೀಗೆ ನಿತ್ಯ ದುಡಿಯುವ ಸಂಸ್ಥೆಯಾಯಿತು.

ನಾಲ್ಕು ವರ್ಷಗಳ ಮೇಲೆ, 1924ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ ಅಧಿವೇಶನ ಸೇರಿತು. ಗಾಂಧೀಜಿಯವರು ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನು ಅಲಂಕರಿಸಿದ್ದು ಅದೊಂದೇ ಸಲ. ಗಂಗಾಧರರಾವ್ ದೇಶಪಾಂಡೆಯವರು ಸ್ವಾಗತ ಸಮಿತಿಯ ಅಧ್ಯಕ್ಷರು, ಡಾ. ನಾ. ಸು. ಹರ್ಡೀಕರರ ಶಿಕ್ಷಣದಲ್ಲಿ ತಯಾರಾದ ಸ್ವಯಂಸೇವಕರು ಸಾಲುಗಟ್ಟಿ ನಿಂತಿದ್ದರು. ನೀರಿಗಾಗಿ ತೋಡಿದ ಪಂಪಾ ಸರೋವರವೆಂಬ ಬಾವಿಯನ್ನು ಬೆಳಗಾವಿಯವರು ಇಂದಿಗೂ ಕಾಂಗ್ರೆಸ್ ಬಾವಿಯೆಂದೇ ಕರೆಯುತ್ತಾರೆ. ಇಡೀ ಬಿಡಾರದ ಶುಚಿತ್ವದ ಭಾರ ಆಶ್ರಮಶಾಲೆಯ ಶಿಕ್ಷಕರೂ ವಿದ್ವಾಂಸರೂ ಆದ ಕಾಕಾ ಕಾಲೇಲಕರರದಾಗಿತ್ತು. ಪಾಯಿಖಾನೆಗಳನ್ನು ಶುಚಿಮಾಡುವ ಕೆಲಸ ತಮ್ಮದಲ್ಲವೆಂದು 1901ರಲ್ಲಿ ಸ್ವಯಂಸೇವಕರು ಹೇಳಿದ್ದರು. 1924ರಲ್ಲಿ ಅದು ಸ್ವಯಂಸೇವಕರ ತಂಡವೊಂದರ ಕರ್ತವ್ಯವಾಗಿತ್ತು, ಅದರ ಮುಂದಾಳು ಒಬ್ಬ ಉಪಾಧ್ಯಾಯರಾಗಿದ್ದರು. ಒಬ್ಬರ ಪೊರಕೆ ಹಲವರ ವ್ಯವಸ್ಥೆಯಾಗಲು 23 ವರ್ಷಗಳು ಹಿಡಿದವು.

ಇಷ್ಟರಿಂದಲೂ ಎಲ್ಲ ಮುಗಿಯಿತೆಂದು ತಿಳಿಯಲಾಗದು. ಮೂರು ದಿನ ಇಷ್ಟಪಟ್ಟು ಗುಡಿಸಿದವರಿಗೂ ಹುಟ್ಟಿನ ಕಾರಣದಿಂದ ಬದುಕಿಡೀ ಗುಡಿಸಬೇಕಾದವರಿಗೂ ವ್ಯತ್ಯಾಸವಿದೆ. ಕೆಲಸಕ್ಕೆ ಗೌರವ ಬಂದರೆ ಸಾಲದು, ಕೆಲಸ ಮಾಡುವವನಿಗೆ ಬಿಡುಗಡೆಯೂ ಬರಬೇಕು. 1970ರ ದಶಕದಲ್ಲಿ ದೇವರಾಜ ಅರಸರ ಸಚಿವ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆ ಬಳಿಕ 1993ರಲ್ಲಿಯೂ 2013ರಲ್ಲಿಯೂ ದೇಶಕ್ಕೆಲ್ಲ ಕಾನೂನುಗಳು ಬಂದವು. ಹಿರಿಯರ ಉದಾಹರಣೆ ಜನರ ಕಣ್ಣು ತೆರೆಸುತ್ತದೆ. ತೆರೆದ ಕಣ್ಣಿಗೆ ಕಂಡದ್ದನ್ನು ನಿಯಮವನ್ನಾಗಿ, ಹಣದ ಏರ್ಪಾಡನ್ನಾಗಿ, ಕಾನೂನನ್ನಾಗಿ ಮಾಡುವುದು ಮುಂದಿನ ಹೆಜ್ಜೆ.

ಹತ್ತಿರವಿರುವುದೂ ಅಡ್ಡ ಬರುವುದೂ

ಇಲ್ಲಿ ಒಂದು ಸಂದೇಹ ಸಹಜ. ಹಿರಿಯರು ಪ್ರತಿಯೊಂದು ಕೆಲಸದಲ್ಲಿಯೂ ಕೈಯಿಟ್ಟರೆ ಇತರರಿಗೆ ಸ್ವಾತಂತ್ರ್ಯವೆಲ್ಲಿ? ಅನ್ನದ ಹದವನ್ನು ನೋಡಹೋದವರು ಸೌಟನ್ನೇ ಕಿತ್ತುಕೊಂಡರೆ ಅಡಿಗೆಯವರ ಉತ್ಸಾಹ ಉಳಿದೀತೆ?

ಇದಕ್ಕೂ ಗಾಂಧೀಜಿಯವರ ಆಶ್ರಮದಲ್ಲಿಯೇ ಉತ್ತರವಿದೆ. ಸಾಬರಮತಿ ಆಶ್ರಮದ ದಿನದಿನದ ಆಡಳಿತವನ್ನು ಅವರು ಮಗನಲಾಲ್ ಗಾಂಧಿಯವರಿಗೆ ಒಪ್ಪಿಸಿದ್ದರು. ಲೆಕ್ಕಪತ್ರ, ಮಗ್ಗ, ಹೊಲ, ಕಟ್ಟಡ ಎಲ್ಲದರ ನಿರ್ವಾಹಕರು ಮಗನಲಾಲರೇ. 1928ರಲ್ಲಿ ಅವರು ತೀರಿಕೊಂಡಾಗ ತಮ್ಮ ಕೈಕಾಲುಗಳನ್ನೂ ಕಣ್ಣುಗಳನ್ನೂ ಕಳೆದುಕೊಂಡಂತೆ ಗಾಂಧೀಜಿ ಶೋಕಿಸಿದರು. ತಾವು ನಿತ್ಯ ನೂಲುತ್ತಿದ್ದರು, ತರಕಾರಿ ಹೆಚ್ಚುತ್ತಿದ್ದರು, ರೋಗಿಗಳ ಶುಶ್ರೂಷೆ ಮಾಡುತ್ತಿದ್ದರು. ಆದರೆ ಆಶ್ರಮವನ್ನು ನಡೆಸುವ ಅಧಿಕಾರವನ್ನು ಇನ್ನೊಬ್ಬರಿಗೆ ಕೊಟ್ಟಿದ್ದರು. ಕೆಲಸದಲ್ಲಿ ಪಾಲು ತೆಗೆದುಕೊಳ್ಳುವುದು ಬೇರೆ, ಕೆಲಸವನ್ನು ಕಿತ್ತುಕೊಳ್ಳುವುದು ಬೇರೆ. ಪಾಲು ತೆಗೆದುಕೊಂಡವರಿಗೆ ಕಾರಣಗಳು ಕಾಣುತ್ತವೆ. ಕಿತ್ತುಕೊಂಡವರಿಗೆ ತಮ್ಮ ಕೈ ಮಾತ್ರ ಕಾಣುತ್ತದೆ.

ಶಾಲೆಗೆ ಸಲ್ಲುವ ಮಾತು

ಈ ಪ್ರಸಂಗಗಳಿಂದ ಒಂದು ವಿದ್ಯಾಸಂಸ್ಥೆ ಪಡೆಯಬಹುದಾದ ಪಾಠ ಕಷ್ಟದ್ದೇನೂ ಅಲ್ಲ. ಮುಖ್ಯೋಪಾಧ್ಯಾಯರಿಗೆ ಎಷ್ಟೇ ಕಚೇರಿ ಕೆಲಸವಿದ್ದರೂ ವಾರಕ್ಕೆ ಕೆಲವು ಪಾಠಗಳು ಅವರ ಪಾಲಿಗಿರಲಿ. ಅದೂ ಜಾಣ ವಿಭಾಗದಲ್ಲಲ್ಲ, ಹಿಂದುಳಿದ ವಿಭಾಗದಲ್ಲಿ. ಒಂದು ಕಟ್ಟು ಉತ್ತರಪತ್ರಿಕೆಗಳನ್ನು ತಾವೇ ತಿದ್ದಿದವರಿಗೆ ಶಾಲೆಯ ಸ್ಥಿತಿ ಹತ್ತು ಸಭೆಗಳಿಗಿಂತ ಚೆನ್ನಾಗಿ ತಿಳಿಯುತ್ತದೆ. ಆಡಳಿತ ಮಂಡಳಿಯವರು ಮುಂದಾಗಿ ತಿಳಿಸದೆ ಒಂದು ದಿನ ಪ್ರಸಾದ ನಿಲಯದ ಪಂಕ್ತಿಯಲ್ಲಿ ಮಕ್ಕಳೊಡನೆ ಕುಳಿತು ಉಣ್ಣಲಿ; ತಪ್ಪು ಹಿಡಿಯಲೆಂದಲ್ಲ, ಉಣ್ಣಲೆಂದು. ಕಟ್ಟಡಕ್ಕೆ ಧನ ಕೊಟ್ಟ ದಾನಿಗಳು ಉದ್ಘಾಟನೆಯ ದಿನಕ್ಕೆ ಮಾತ್ರವಲ್ಲದೆ ಮಳೆಗಾಲದ ಒಂದು ದಿನವೂ ಬಂದು ಆ ಮಾಳಿಗೆ ಸೋರುತ್ತಿದೆಯೇ ಎಂದು ನೋಡಲಿ. ಹಳೆಯ ವಿದ್ಯಾರ್ಥಿಗಳು ಸನ್ಮಾನ ಸ್ವೀಕರಿಸಲು ಬಂದಾಗ ಒಂದು ಗಂಟೆಯ ಪಾಠವನ್ನೂ ಹೇಳಿ ಹೋಗಲಿ.

ಅಲ್ಲಿ ಕಂಡದ್ದು ಕಂಡಲ್ಲಿಯೇ ಉಳಿಯಬಾರದು. ಒಬ್ಬ ಹುಡುಗನಿಗೆ ಹಲಗೆ ಕಾಣದೆಂದು ತಿಳಿದ ದಿನ ಅವನನ್ನು ಮುಂದೆ ಕೂರಿಸುವುದು ಕರುಣೆ. ಎಲ್ಲ ಮಕ್ಕಳ ಕಣ್ಣಿನ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸುವುದು ವ್ಯವಸ್ಥೆ. ಕರುಣೆಯಿಲ್ಲದೆ ವ್ಯವಸ್ಥೆ ಹುಟ್ಟುವುದಿಲ್ಲ, ವ್ಯವಸ್ಥೆಯಿಲ್ಲದೆ ಕರುಣೆ ಬಾಳುವುದಿಲ್ಲ.

ಹನ್ನೆರಡನೆಯ ಶತಮಾನದ ಶರಣರ ಪರಂಪರೆಯಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗೆ ಈ ವಿಚಾರ ಹೊರಗಿನಿಂದ ಬರಬೇಕಾದುದಲ್ಲ. ಬಟ್ಟೆ ಮಡಿಮಾಡಿದ ಮಾಚಿದೇವರು, ಹುಲ್ಲಿನ ಹಗ್ಗ ಹೊಸೆದ ನುಲಿಯ ಚಂದಯ್ಯನವರು, ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ ಮಾರಯ್ಯ ಲಕ್ಕಮ್ಮ ದಂಪತಿಗಳು ಅನುಭವ ಮಂಟಪದಲ್ಲಿ ಮಾತನಾಡಿದ್ದು ತಮ್ಮ ಕಾಯಕವನ್ನು ಬಿಟ್ಟು ಬಂದಲ್ಲ, ಅದನ್ನು ಮಾಡುತ್ತಲೇ. ಒಂದು ದಿನ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರಿಗೆ ಅದು ಕೂಡಲೇ ತಿಳಿದು, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದರೆಂದು ಶರಣರ ಕಥೆಗಳು ಸಾರುತ್ತವೆ. ದಿನವೂ ಅಳೆದು ಬೇಯಿಸಿದ ಕೈಗೆ ಮಾತ್ರ ಅದು ಗೊತ್ತಾಗುವ ವಿಷಯ.

ಬೆಳೆಯುತ್ತಿರುವ ಶಾಲೆಗೆ ಕಟ್ಟಡ ಬೇಕು, ಧನ ಬೇಕು, ಕೀರ್ತಿಯೂ ಬೇಕು. ಇವುಗಳೊಡನೆ ಅದರ ಹಿರಿಯರ ಕೈಗೆ ಸುಣ್ಣದ ಕಡ್ಡಿಯ ಪುಡಿ ಅಂಟಿರುವವರೆಗೆ ಆ ಶಾಲೆಗೆ ತನ್ನ ಮಕ್ಕಳ ಕಷ್ಟ ಸುಖ ತಿಳಿಯುತ್ತಿರುತ್ತದೆ.